ಟೆಸರಾಕ್ಟ್ 5 ಸೋರ್ಸ್‌ನಿಂದ ಕಂಪೈಲ್ ಆಗುತ್ತಿಲ್ಲ, ಪ್ರತಿ ಸಲವೂ ಬೇರೆ ಬೇರೆ ಎರರ್ (ಉಬುಂಟು 22.04, 4 ಜಿಬಿ ರ್‍ಯಾಮ್)

ಹಂಡೆಒಲೆ (ಹೊಸನಗರ ಕಡೆ) · ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಗುಡ್ಡದ ಮೇಲೆ ನಿಂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಎರರ್‌ಗಳನ್ನು ಚೀಟಿಯಲ್ಲಿ ಗೀಚಿಕೊಂಡು ಬಂದಿದ್ದೇನೆ. ಕೀಬೋರ್ಡ್ ಬದಲಾಯಿಸುತ್ತಾ ಕೂತರೆ ಮಳೆ ಬರುತ್ತದೆ, ಹಾಗಾಗಿ ಕಮಾಂಡುಗಳನ್ನೂ ಕನ್ನಡದಲ್ಲೇ ಹಾಕುತ್ತೇನೆ, ಅರ್ಥ ಮಾಡಿಕೊಳ್ಳಿ.

ನಮ್ಮೂರ ಸಹಕಾರ ಸಂಘದ ಹಳೇ ವರದಿ ಪುಸ್ತಕಗಳಿವೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದವು. ಸ್ಕ್ಯಾನ್ ಆಗಿದೆ. ಇನ್ನು ಅದನ್ನು ಅಕ್ಷರಕ್ಕೆ ಇಳಿಸಬೇಕು, ಅದಕ್ಕೆ ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪ್ರೋಗ್ರಾಂ ಬೇಕು. ಉಬುಂಟು 22.04ರಲ್ಲಿ ಆಪ್ಟ್‌ನಿಂದ (ರೆಡಿ ಪ್ಯಾಕೇಜು ಹಾಕುವ ಕಮಾಂಡು) ಬರುವುದು 4.1.1. ಅದರಲ್ಲಿ ಓಡಿಸಿದರೆ ಮಾತು ಪರವಾಗಿಲ್ಲ, ಲೆಕ್ಕದ ಪುಟ ಮಾತ್ರ ಕಲಸುಮೇಲೋಗರ. ಸೊನ್ನೆ ಇರುವ ಕಡೆಯೆಲ್ಲ ಅನುಸ್ವಾರ ಕೂರಿಸುತ್ತದೆ. ಈ ಅಚ್ಚಿಗೆ ಅಂತಲೇ ತರಬೇತಿ ಕೊಡುವ ಯೋಚನೆ ಇದೆ, ಅದಕ್ಕೆ 5ನೇ ಆವೃತ್ತಿಯನ್ನೇ ಸೋರ್ಸ್, ಅಂದರೆ ಮೂಲ ಕೋಡ್, ತಂದು ಕಂಪೈಲ್ ಮಾಡಿ ಕಟ್ಟಿಕೊಳ್ಳೋಣ ಎಂದುಕೊಂಡೆ.

ಭಾನುವಾರ ಸಿಪಿಯು ಡಬ್ಬವನ್ನೇ ಕಾರಿನಲ್ಲಿ ಹಾಕಿಕೊಂಡು ಪೇಟೆಯ ಭಾವನ ಮನೆಗೆ ಹೋಗಿದ್ದೆ. ಅಲ್ಲಿ ವೈಫೈ ಇದೆ. ಗಿಟ್ ಕ್ಲೋನ್ ಮಾಡಿ (ಸೋರ್ಸ್ ಪೂರ್ತಿ ಇಳಿಸಿಕೊಂಡು), ಕಂಪೈಲರ್, ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್, ಚಿತ್ರ ಓದುವ ಲೈಬ್ರರಿ ಲೆಪ್ಟೋನಿಕಾದ ಡೆವ್ (ಕಂಪೈಲ್ ಮಾಡಲು ಬೇಕಾದ) ಪ್ಯಾಕೇಜು ಎಲ್ಲ ಹಾಕಿಕೊಂಡು ಬಂದೆ. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ಕಾಟ.

ಮೊದಲು ಕಂಪೈಲಿಗೆ ತಯಾರಿ ಮಾಡುವ ಆಟೋಜೆನ್, ಕಾನ್ಫಿಗರ್ ಎರಡೂ ಸಲೀಸಾಗಿ ಆದವು. ಆಮೇಲೆ ಕಂಪೈಲ್ ನಡೆಸುವ ‘ಮೇಕ್ -ಜೆ’ ಕೊಟ್ಟರೆ ಮಧ್ಯದಲ್ಲಿ ‘ಮೇಕ್: * ಎರರ್ 1’ ಎಂದು ನಿಂತಿತು. ಮತ್ತೆ ಕೊಟ್ಟೆ, ಮುಂದೆ ಹೋಯಿತು, ಅಷ್ಟರಲ್ಲಿ ಕರೆಂಟ್ ಹೋಯಿತು. ಕರೆಂಟ್ ಬಂದ ಮೇಲೆ ಮೇಕ್ ಕೊಟ್ಟರೆ ‘ಫೈಲ್ ನಾಟ್ ರೆಕಗ್ನೈಸ್ಡ್: ಫೈಲ್ ಟ್ರಂಕೇಟೆಡ್’. ಹೋಗಲಿ, ಮತ್ತೆ ಕಾನ್ಫಿಗರ್‌ನಿಂದ ಶುರು ಮಾಡೋಣ ಎಂದರೆ ಅದೇ ಓಡುವುದಿಲ್ಲ. ‘ನ್ಯೂಲಿ ಕ್ರಿಯೇಟೆಡ್ ಫೈಲ್ ಈಸ್ ಓಲ್ಡರ್ ದ್ಯಾನ್ ಡಿಸ್ಟ್ರಿಬ್ಯೂಟೆಡ್ ಫೈಲ್ಸ್’ ಅನ್ನುತ್ತದೆ.

ವಿಚಿತ್ರ ಇನ್ನೂ ಇದೆ. ನಿನ್ನೆ ಇದೇ ಎರರ್ ಬಂದಾಗ ಬೇಜಾರಾಗಿ ಎದ್ದು ಹೋಗಿ ಊಟ ಮಾಡಿ, ತೋಟಕ್ಕೊಂದು ಸುತ್ತು ಹೋಗಿ ಬಂದು ಮತ್ತೆ ಕೊಟ್ಟೆ. ಏನೂ ಮುಟ್ಟಿಲ್ಲ, ಆದರೂ ಕಾನ್ಫಿಗರ್ ಓಡಿತು! ಇವತ್ತು ಬೆಳಿಗ್ಗೆ ಮತ್ತೆ ಅದೇ ರಾಗ.

ಸೋರ್ಸ್ ಡೌನ್‌ಲೋಡ್ ಆಗುವಾಗಲೇ ಕೆಟ್ಟಿದೆಯಾ? ಮತ್ತೆ ಡಬ್ಬ ಹೊತ್ತು ಪೇಟೆಗೆ ಹೋಗಬೇಕಾ? ಮಳೆ ಜೋರಾಗಿದೆ, ದಾರಿಯಲ್ಲಿ ಮರ ಬಿದ್ದಿದೆ ಅಂತ ಬೇರೆ ಹೇಳುತ್ತಿದ್ದಾರೆ.

ದುರ್ಗಿಗುಡಿ ಬೆಂಚು (ಶಿವಮೊಗ್ಗ)

ಸೋರ್ಸ್ ಯಾಕೆ ಬೇಕು ಮಾರಾಯ್ರೆ? 24.04ಕ್ಕೆ ಹೋಗಿ, ಅದರ ಆಪ್ಟ್‌ನಲ್ಲಿ 5.3.4 ಸಿಗುತ್ತದೆ. ಡೆಬಿಯನ್ 12 ಆದರೂ 5.3 ಇದೆ. ಕನ್ನಡಕ್ಕೆ ‘ಟೆಸರಾಕ್ಟ್-ಒಸಿಆರ್-ಕಾನ್’ ಪ್ಯಾಕೇಜು. ಎರಡು ಕಮಾಂಡು, ಮುಗಿಯಿತು. ಜನ ಸುಮ್ನೆ ಕಂಪೈಲ್ ಮಾಡಿ ತಲೆ ಕೆಡಿಸಿಕೊಳ್ಳುತ್ತಾರೆ.

ಹಂಡೆಒಲೆ

ಸರ್, ಡಿಸ್ಟ್ರೋ ಅಪ್‌ಗ್ರೇಡ್ ಅಂದರೆ ಜಿಬಿಗಟ್ಟಲೆ ಡೌನ್‌ಲೋಡ್. ಸೋರ್ಸ್ ಈಗಾಗಲೇ ಕೈಯಲ್ಲಿದೆ. ಅದೂ ಅಲ್ಲದೆ ಈ ಕಂಪ್ಯೂಟರಿನಲ್ಲೇ ಮಗಳ ಕಾಲೇಜಿನ ಪ್ರಾಜೆಕ್ಟ್ ಇದೆ, ಅದು ಮುಗಿಯುವವರೆಗೆ ಸಿಸ್ಟಂ ಮುಟ್ಟಬಾರದು ಅಂತ ಕಟ್ಟಪ್ಪಣೆ.

ಗುಡ್ಡದ ಟವರ್ (ಕೊಪ್ಪ)

ಸೋರ್ಸೇ ಹಾಳಾಗಿದೆ, ನೂರಕ್ಕೆ ನೂರು. ಫೋಲ್ಡರ್ ಅಳಿಸಿ ಮತ್ತೆ ಕ್ಲೋನ್ ಮಾಡಿ.

ಮೇಕ್‌ಕ್ಲೀನ್ (ಸಾಗರ)

ದಯವಿಟ್ಟು ಏನನ್ನೂ ಅಳಿಸಬೇಡಿ. ಡೌನ್‌ಲೋಡ್ ಸರಿ ಇದೆಯಾ ಎಂದು ನೋಡಲು ನೆಟ್ ಬೇಕಾಗಿಲ್ಲ. ಆ ಫೋಲ್ಡರಿನೊಳಗೆ ‘ಗಿಟ್ ಎಫ್‌ಎಸ್‌ಸಿಕೆ’ ಕೊಡಿ. ಗಿಟ್ ತನ್ನಲ್ಲಿರುವ ಪ್ರತಿ ವಸ್ತುವಿನ ಹ್ಯಾಶ್ (ಬೆರಳಚ್ಚಿನಂಥ ಗುರುತು) ಮತ್ತೆ ಲೆಕ್ಕ ಹಾಕಿ ತಾಳೆ ನೋಡುತ್ತದೆ. ಆಮೇಲೆ ‘ಗಿಟ್ ಸ್ಟೇಟಸ್’. ಎರಡೂ ತಕರಾರು ಮಾಡದಿದ್ದರೆ ಸೋರ್ಸ್ ಚೆನ್ನಾಗಿದೆ ಎಂದೇ ಅರ್ಥ, ಪೇಟೆಗೆ ಹೋಗುವ ಕೆಲಸ ಇಲ್ಲ.

ನಿಮ್ಮದು ಒಂದು ಕಾಯಿಲೆ ಅಲ್ಲ, ಮೂರು. ಒಂದರ ಮೇಲೊಂದು ಕೂತಿವೆ. ಅದಕ್ಕೇ ಪ್ರತಿ ಸಲ ಬೇರೆ ಮುಖ ಕಾಣುತ್ತಿದೆ. ಒಂದೊಂದಾಗಿ ಬಿಡಿಸೋಣ. ನನಗೆ ಇಷ್ಟು ಬೇಕು: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ‘ಡೇಟ್’ ಎಂದು ಕೊಟ್ಟರೆ ಏನು ತೋರಿಸುತ್ತದೆ? ‘ಫ್ರೀ -ಎಚ್’ ಏನು ಹೇಳುತ್ತದೆ? ಮೇಕ್ ನಿಂತಾಗ ಕೊನೆಯ ಸಾಲು ಅಲ್ಲ, ಮೊಟ್ಟಮೊದಲ ‘ಎರರ್’ ಇರುವ ಸಾಲು ಯಾವುದು?

ಮತ್ತೆ, ಕಾನ್ಫಿಗರ್ ಎರರ್ ಅರ್ಧ ಬರೆದಿದ್ದೀರಿ. ಆ ಸಾಲಿನ ಕೊನೆಯಲ್ಲಿ ಇನ್ನೊಂದು ವಾಕ್ಯ ಇರಬೇಕಲ್ಲ?

ಆಗುಂಬೆ ತೇವ (ತೀರ್ಥಹಳ್ಳಿ ತಾಲ್ಲೂಕು)

ನಡುವೆ ಬಾಯಿ ಹಾಕುತ್ತೇನೆ. ಪ್ರತಿ ಸಲ ಬೇರೆ ಕಡೆ ಫೇಲ್ ಆಗುವುದು ರ್‍ಯಾಮ್ ಕೆಟ್ಟಿರುವ ಲಕ್ಷಣ. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಇನ್ನು ರ್‍ಯಾಮ್ ಕಡ್ಡಿಯ ಹಲ್ಲುಗಳು ಬಿಡುತ್ತವಾ? ನನ್ನ ಮಷೀನಿನಲ್ಲಿ ಜಿಸಿಸಿ ಕಂಪೈಲರ್ ‘ಇಂಟರ್ನಲ್ ಕಂಪೈಲರ್ ಎರರ್’ ಎಂದು ಕಿರುಚುತ್ತಿತ್ತು. ಕೆಳಗೆ ಅದೇ ಹೇಳಿತ್ತು, ಈ ದೋಷ ಮತ್ತೆ ಮಾಡಿ ನೋಡಿದರೆ ಬರುತ್ತಿಲ್ಲ, ಬಹುಶಃ ಹಾರ್ಡ್‌ವೇರ್ ತೊಂದರೆ ಎಂದು. ಕಡ್ಡಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಹಲ್ಲು ಉಜ್ಜಿ ಹಾಕಿದೆ, ನಿಂತಿತು.

ಮೇಕ್‌ಕ್ಲೀನ್

ನೀವು ಹೇಳುವುದು ಸರಿ, ಅಂಥದ್ದು ನಾನೂ ನೋಡಿದ್ದೇನೆ. ಆದರೆ ಅದಕ್ಕೆ ‘ಇಂಟರ್ನಲ್ ಕಂಪೈಲರ್ ಎರರ್’ ಅಥವಾ ‘ಸೆಗ್ಮೆಂಟೇಶನ್ ಫಾಲ್ಟ್’ ಕಾಣಬೇಕು, ಅದೂ ಒಮ್ಮೆ ಈ ಫೈಲಿನಲ್ಲಿ, ಒಮ್ಮೆ ಆ ಫೈಲಿನಲ್ಲಿ. ಇವರ ಚೀಟಿಯಲ್ಲಿ ಆ ಮಾತು ಇಲ್ಲ. ಊಟ ಮಾಡಿ ಬಂದರೆ ಸರಿಹೋಗುವ ರ್‍ಯಾಮ್ ನಾನಂತೂ ಕಂಡಿಲ್ಲ. ಅವರು ಗುಡ್ಡ ಹತ್ತಿ ಬರಲಿ, ಕಾಯೋಣ.

ಹಂಡೆಒಲೆ · ಬುಧವಾರ ಸಂಜೆ

ಬಂದೆ. ಉಂಬಳ ಕಚ್ಚಿಸಿಕೊಂಡೇ ಬಂದೆ.

ಗಿಟ್ ಎಫ್‌ಎಸ್‌ಸಿಕೆ ಏನೂ ದೂರು ಹೇಳಲಿಲ್ಲ. ಸ್ಟೇಟಸ್ ಕೂಡ ಕ್ಲೀನ್.

ಡೇಟ್ ಕೊಟ್ಟರೆ ಭಾನುವಾರ ಸಂಜೆ 5 ಗಂಟೆ ಚಿಲ್ಲರೆ ಅನ್ನುತ್ತದೆ. ಇಲ್ಲಿ ಬುಧವಾರ. ಈ ಕಂಪ್ಯೂಟರಿನ ಗಡಿಯಾರ ನಂಬುವುದನ್ನು ಬಿಟ್ಟು ತುಂಬಾ ದಿನ ಆಯಿತು, ನೋಡುವುದೇ ಇಲ್ಲ.

ಫ್ರೀ: ಒಟ್ಟು 3.7 ಜಿಬಿ. ಫೈರ್‌ಫಾಕ್ಸ್ ತೆರೆದಿದ್ದರೆ ಅರ್ಧ ಅದಕ್ಕೇ.

ಮೊದಲ ಎರರ್ ಹುಡುಕಲು ಮೇಲೆ ಮೇಲೆ ಹೋದೆ. ‘ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’ ಎಂದಿದೆ. ಕೆಲವು ಸಲ ಎರರ್ರೂ ಇಲ್ಲ, ಟರ್ಮಿನಲ್ ಕಿಟಕಿಯೇ ಮಾಯ.

ಕಾನ್ಫಿಗರ್ ಸಾಲಿನ ಕೊನೆಯಲ್ಲಿ ‘ಚೆಕ್ ಯುವರ್ ಸಿಸ್ಟಂ ಕ್ಲಾಕ್’ ಅಂತಲೂ ಇದೆ. ಚೀಟಿಯಲ್ಲಿ ಜಾಗ ಮುಗಿದಿತ್ತು.

ಮೇಕ್‌ಕ್ಲೀನ್

ಆಹಾ, ಎಲ್ಲ ಸಿಕ್ಕಿತು. ಇನ್ನೊಂದೇ ಪ್ರಶ್ನೆ. ಆನ್ ಮಾಡುವಾಗ ಕಪ್ಪು ಪರದೆಯಲ್ಲಿ ‘ಎಫ್1 ಒತ್ತಿ’ ಎಂದು ಕೇಳುತ್ತದೆಯಾ?

ಹಂಡೆಒಲೆ

ಕೇಳುತ್ತದೆ ಅಕ್ಕ. ಮಳೆಗಾಲ ಶುರುವಾದಾಗಿನಿಂದ. ಒತ್ತಿ ಮುಂದೆ ಹೋಗುತ್ತೇನೆ. ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಹಳೇ ಪೆಟ್ಟಿಗೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಮೇಕ್‌ಕ್ಲೀನ್

ಮದರ್‌ಬೋರ್ಡಿನ ಸೆಲ್ ಸತ್ತಿದೆ. ಬಿಲ್ಲೆಯಂತಿರುವ ಸಿಆರ್2032, 3 ವೋಲ್ಟಿನದು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಕರೆಂಟ್ ಹೋದ ಕೂಡಲೇ ಗಡಿಯಾರ ಹಳೇ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತದೆ.

ಹಾಗಾದರೆ ನಿಮ್ಮಲ್ಲಿ ಯಾಕೆ ಭಾನುವಾರ ಸಂಜೆ? ಮಜಾ ಇರುವುದು ಇಲ್ಲೇ. ಉಬುಂಟುವಿನಲ್ಲಿ ನೆಟ್‌ನಿಂದ ಸಮಯ ತರುವ ‘ಸಿಸ್ಟಂಡಿ-ಟೈಮ್‌ಸಿಂಕ್‌ಡಿ’ ಎಂಬುದೊಂದು ಇದೆ. ನೆಟ್ ಸಮಯ ಸಿಕ್ಕಾಗೆಲ್ಲ ಅದು ಒಂದು ಫೈಲಿನ ಮೇಲೆ ಆ ಹೊತ್ತಿನ ಗುರುತು ಹಾಕಿಡುತ್ತದೆ. ಮುಂದಿನ ಸಲ ಬೂಟ್ ಆದಾಗ ಗಡಿಯಾರ ಆ ಗುರುತಿಗಿಂತ ಹಿಂದೆ ಇದ್ದರೆ, ಕನಿಷ್ಠ ಅಲ್ಲಿಗಾದರೂ ತಂದು ನಿಲ್ಲಿಸುತ್ತದೆ. ನಿಮಗೆ ನೆಟ್ ಕೊನೆಗೆ ಸಿಕ್ಕಿದ್ದು ಭಾನುವಾರ ಸಂಜೆ, ಭಾವನ ಮನೆಯಲ್ಲಿ. ಆಮೇಲೆ ಮನೆಯಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ನಿಮ್ಮ ಕಂಪ್ಯೂಟರಿಗೆ ಅದೇ ಭಾನುವಾರ ಸಂಜೆ ಮತ್ತೆ ಶುರುವಾಗುತ್ತಿದೆ.

ಈಗ ಕಾನ್ಫಿಗರ್ ವಿಷಯ. ಅದು ಓಡಿದ ಕೂಡಲೇ ಒಂದು ಚಿಕ್ಕ ಫೈಲ್ ಹುಟ್ಟಿಸಿ, ತನಗಿಂತ ಅದು ಹೊಸದಾ ಎಂದು ನೋಡುತ್ತದೆ. ಈಗ ತಾನೇ ಹುಟ್ಟಿದ ಫೈಲ್ ತನಗಿಂತ ಹಳೆಯದಾಗಿ ಕಂಡರೆ ಏನೋ ಎಡವಟ್ಟಿದೆ ಎಂದು ಅಲ್ಲೇ ನಿಲ್ಲುತ್ತದೆ. ನಿಮ್ಮ ಕಾನ್ಫಿಗರ್ ಫೈಲನ್ನು ಆಟೋಜೆನ್ ಹುಟ್ಟಿಸಿದ್ದು ಹಿಂದಿನ ಸಲ, ಕಂಪ್ಯೂಟರ್ ಆನ್ ಆಗಿ ಸ್ವಲ್ಪ ಹೊತ್ತಾದ ಮೇಲೆ. ಅಂದರೆ ಅದರ ಲೆಕ್ಕದಲ್ಲಿ ಭಾನುವಾರ ಆರು ಗಂಟೆ ಇರಬಹುದು. ಕರೆಂಟ್ ಹೋಗಿ ಬಂತು, ಗಡಿಯಾರ ಮತ್ತೆ ಐದಕ್ಕೆ ಬಂತು. ಐದೂಕಾಲಿಗೆ ನೀವು ಕಾನ್ಫಿಗರ್ ಕೊಟ್ಟರೆ ಆರು ಗಂಟೆಯ ಫೈಲ್ ಭವಿಷ್ಯದಲ್ಲಿದೆ! ಊಟ ಮುಗಿಸಿ, ತೋಟ ಸುತ್ತಿ ಬಂದಿರಿ. ಅಷ್ಟರಲ್ಲಿ ಗಡಿಯಾರ ಆರು ದಾಟಿತ್ತು. ಓಡಿತು.

ಗುಡ್ಡದ ಟವರ್

ಇದು ಪತ್ತೇದಾರಿ ಕಥೆಯಾಯಿತಲ್ಲ! ಕ್ಲೋನ್ ಮಾಡಿ ಅಂದಿದ್ದೆ, ಆ ಮಾತು ವಾಪಸ್.

ಹಂಡೆಒಲೆ

ಅಬ್ಬಾ. ತೋಟದಲ್ಲಿ ಕೊಳೆ ಔಷಧಿ ಹೊಡೆಯುವವರು ಬಂದಿದ್ದರು, ಅದಕ್ಕೇ ತಡವಾಗಿದ್ದು. ಇಲ್ಲದಿದ್ದರೆ ಅವತ್ತೂ ಓಡುತ್ತಿರಲಿಲ್ಲ ಅಲ್ವಾ.

ದುರ್ಗಿಗುಡಿ ಬೆಂಚು

ಒಪ್ಪಿದೆ. ಆದರೆ ಟ್ರಂಕೇಟೆಡ್ ಅಂತ ಬಂದಿದ್ದಕ್ಕೂ ಗಡಿಯಾರವೇ ಕಾರಣವಾ?

ಮೇಕ್‌ಕ್ಲೀನ್

ಅಲ್ಲ, ಅದು ಕರೆಂಟಿನದೇ ಬೇರೆ ಕೆಲಸ. ಕಂಪೈಲರ್ ಒಂದು ‘.ಓ’ ಫೈಲ್ (ಒಂದು ಸೋರ್ಸ್ ಫೈಲ್ ಕಂಪೈಲ್ ಆಗಿ ಬರುವ ತುಂಡು) ಬರೆದಾಗ ಅದು ಆ ಕ್ಷಣವೇ ಡಿಸ್ಕಿಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ರ್‍ಯಾಮಿನಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಡಿಸ್ಕಿನಲ್ಲಿ ಹೆಸರು ಉಳಿಯುತ್ತದೆ, ಒಳಗೆ ಏನೂ ಇರುವುದಿಲ್ಲ. ಸೊನ್ನೆ ಬೈಟು.

ನೀವು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದರೆ ಮೇಕ್ ತಾನೇ ಆ ಅರ್ಧಂಬರ್ಧ ಫೈಲನ್ನು ಅಳಿಸಿ ಹೋಗುತ್ತದೆ. ಕರೆಂಟ್ ಹೋದಾಗ ಅಳಿಸಲು ಯಾರೂ ಬದುಕಿರುವುದಿಲ್ಲ. ಮುಂದಿನ ಸಲ ಮೇಕ್ ಬಂದು ನೋಡುವುದು ಸಮಯ ಮಾತ್ರ: ‘.ಓ’ ಫೈಲ್ ಇದೆಯಾ, ಸೋರ್ಸ್‌ಗಿಂತ ಹೊಸದಾ, ಸರಿ, ಇದು ಮುಗಿದಿದೆ. ಒಳಗೆ ಇಣುಕಿ ನೋಡುವುದಿಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಇದನ್ನು ಬರೆದಾಗಿನಿಂದ ಅದರ ಸ್ವಭಾವ ಹೀಗೇ. ಕೊನೆಗೆ ಆ ತುಂಡುಗಳನ್ನು ಜೋಡಿಸುವ ಲಿಂಕರ್ ಬಂದು ಖಾಲಿ ಫೈಲ್ ತೆರೆದಾಗ ಬಣ್ಣ ಬಯಲಾಗುತ್ತದೆ.

ಅಂಥ ಫೈಲ್ ಎಷ್ಟಿವೆ ನೋಡಬೇಕೆಂದರೆ: ‘ಫೈಂಡ್ . -ನೇಮ್ "*.ಓ" -ಸೈಜ್ 0’.

ಆಗುಂಬೆ ತೇವ

ಮೇಕ್ ಬಿಟ್ಟು ನಿಂಜಾ ಬಳಸಿದರೆ ಇದೆಲ್ಲ ಇರುವುದಿಲ್ಲ. ಸಿಮೇಕ್‌ನಿಂದಲೂ ಟೆಸರಾಕ್ಟ್ ಕಟ್ಟಬಹುದು.

ಮೇಕ್‌ಕ್ಲೀನ್

ಸಿಮೇಕ್‌ನಿಂದ ಕಟ್ಟಬಹುದು, ನಿಜ. ಆದರೆ ನಿಂಜಾ ಕೂಡ ಸಮಯ ನೋಡಿಯೇ ತೀರ್ಮಾನ ಮಾಡುವುದು. ಗಡಿಯಾರ ಹಿಂದೆ ಮುಂದೆ ಓಡಿದರೆ ಅದೂ ಎಡವುತ್ತದೆ. ಒಂದು ಲಾಭ ಇದೆ, ಎಷ್ಟು ಕೆಲಸ ಒಟ್ಟಿಗೆ ನಡೆಸಬೇಕು ಎಂದು ಅದು ಕೋರ್ ಲೆಕ್ಕ ನೋಡಿ ತಾನೇ ಮಿತಿ ಹಾಕಿಕೊಳ್ಳುತ್ತದೆ. ಮೂರನೇ ಕಾಯಿಲೆಗೆ ಅದೇ ಔಷಧಿ, ಅದಕ್ಕೇ ಬರುತ್ತಿದ್ದೇನೆ.

ಹಂಡೆಒಲೆಯವರೇ, ನೀವು ಕೊಟ್ಟಿದ್ದು ‘ಮೇಕ್ -ಜೆ’. ಜೆ ಮುಂದೆ ಸಂಖ್ಯೆ ಎಲ್ಲಿ? ಸಂಖ್ಯೆ ಇಲ್ಲದಿದ್ದರೆ ಮಿತಿಯೇ ಇಲ್ಲ ಎಂದು ಅರ್ಥ. ಯಾವ ಫೈಲ್ ತಯಾರಿದೆಯೋ ಅದನ್ನೆಲ್ಲ ಒಟ್ಟಿಗೆ ಕಂಪೈಲ್ ಮಾಡಲು ಹೊರಡುತ್ತದೆ. ಮನೆಯ ಒಂದೇ ಒಲೆಯ ಮೇಲೆ ಮದುವೆ ಅಡುಗೆ ಪೂರ್ತಿ ಇಟ್ಟ ಹಾಗೆ. ಟೆಸರಾಕ್ಟ್ 5 ಬರೆದಿರುವುದು ಸಿ++17ರಲ್ಲಿ, ಒಂದೊಂದು ಸಿಸಿ1ಪ್ಲಸ್ (ಕಂಪೈಲರಿನ ಒಳಗಿನ ಪ್ರೋಗ್ರಾಂ) ನೂರಾರು ಎಂಬಿ ತಿನ್ನುತ್ತದೆ. 4 ಜಿಬಿಯಲ್ಲಿ ಎಷ್ಟು ಹೊತ್ತು ತಡೆಯುತ್ತದೆ? ಕರ್ನಲ್ ಬಂದು ಒಂದನ್ನು ಕೊಂದು ಹಾಕುತ್ತದೆ. ಅದೇ ‘ಕಿಲ್ಡ್’. ಖಾತ್ರಿ ಬೇಕಿದ್ದರೆ ‘ಸುಡೋ ಡಿಮೆಸೇಜ್’ ಕೊಟ್ಟು ‘ಔಟ್ ಆಫ್ ಮೆಮೊರಿ’ ಹುಡುಕಿ.

ಟರ್ಮಿನಲ್ ಕಿಟಕಿ ಮಾಯವಾಗುವುದು 22.04ರ ವಿಶೇಷ. ಅದರ ಡೆಸ್ಕ್‌ಟಾಪಿನಲ್ಲಿ ‘ಸಿಸ್ಟಂಡಿ-ಓಓಎಂಡಿ’ ಮೊದಲೇ ಚಾಲೂ ಇರುತ್ತದೆ. ಮೆಮೊರಿ ಬಿಗಿಯಾದರೆ ಅದು ಒಂದು ಪ್ರೋಗ್ರಾಂ ಕೊಲ್ಲುವುದಿಲ್ಲ, ಆ ಗುಂಪನ್ನೇ ಕೊಲ್ಲುತ್ತದೆ. ಟರ್ಮಿನಲ್, ಅದರೊಳಗಿನ ಮೇಕ್, ಎಲ್ಲ ಒಟ್ಟಿಗೆ ಹೋಗುತ್ತವೆ. ಎರರ್ ಓದಲೂ ಸಿಗುವುದಿಲ್ಲ. ಈ ಯೋಚನೆ ಯಾರದೋ, ನನಗಂತೂ ಇಷ್ಟವಿಲ್ಲ.

ಈಗ ಮಾಡಬೇಕಾದ್ದು.

ಸೆಲ್ ಸಿಗುವವರೆಗೆ ಪ್ರತಿ ಸಲ ಬೂಟ್ ಆದ ಕೂಡಲೇ, ಬೇರೆ ಏನನ್ನೂ ಮುಟ್ಟುವ ಮೊದಲು, ‘ಸುಡೋ ಡೇಟ್ -ಎಸ್’ ಕೊಟ್ಟು ಫೋನಿನಲ್ಲಿರುವ ತಾರೀಖು, ಸಮಯ ಹಾಕಿ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್’ ಕೊಟ್ಟರೆ, ತಾನಾಗಿ ಸಮಯ ಹೊಂದಿಸುವುದು ಚಾಲೂ ಇದೆ ಎಂದು ಅದು ಒಪ್ಪುವುದಿಲ್ಲ, ಅದಕ್ಕೇ ಡೇಟ್. ಆಮೇಲೆ ‘ಸುಡೋ ಟಚ್ /ವಾರ್/ಲಿಬ್/ಸಿಸ್ಟಂಡಿ/ಟೈಮ್‌ಸಿಂಕ್/ಕ್ಲಾಕ್’ ಕೂಡ ಕೊಡಿ. ನಾನು ಹೇಳಿದ ಗುರುತಿನ ಫೈಲ್ ಅದೇ. ಮುಂದಿನ ಸಲ ಕರೆಂಟ್ ಹೋಗಿ ಬಂದರೆ ಭಾನುವಾರದ ಬದಲು ಈ ಹೊತ್ತಿನಿಂದಾದರೂ ಶುರುವಾಗುತ್ತದೆ.

ಮತ್ತೆ ಹಳೇ ಕಸ ಎಲ್ಲ ತೆಗೆಯಬೇಕು. ಸೊನ್ನೆ ಬೈಟಿನ ಫೈಲ್ ಮಾತ್ರ ಅಳಿಸಿದರೆ ಸಾಲದು, ಅರ್ಧ ಬರೆದವೂ ಇರಬಹುದು, ಸಮಯ ತಪ್ಪಿದವೂ ಇವೆ. ‘ಗಿಟ್ ಕ್ಲೀನ್ -ಎಕ್ಸ್‌ಡಿಎಫ್’ ಕೊಟ್ಟರೆ ಕ್ಲೋನ್ ಮಾಡಿದ ದಿನ ಹೇಗಿತ್ತೋ ಹಾಗಾಗುತ್ತದೆ. ನೆಟ್ ಬೇಡ. ಆದರೆ ಹುಷಾರು! ಆ ಫೋಲ್ಡರಿನಲ್ಲಿ ನಿಮ್ಮ ಸ್ಕ್ಯಾನ್ ಚಿತ್ರಗಳನ್ನು ಇಟ್ಟಿದ್ದರೆ ಅವೂ ಹೋಗುತ್ತವೆ. ಮೊದಲು ಎಫ್ ಬದಲು ಎನ್ ಹಾಕಿ, ಅಂದರೆ ‘-ಎಕ್ಸ್‌ಡಿಎನ್’. ಏನೇನು ಅಳಿಸುತ್ತದೆ ಎಂದು ಬರೀ ಪಟ್ಟಿ ತೋರಿಸುತ್ತದೆ. ಓದಿ ನೋಡಿ ಆಮೇಲೆ ಎಫ್.

ಆಮೇಲೆ ಆಟೋಜೆನ್. ‘ಬಿಲ್ಡ್’ ಎಂಬ ಬೇರೆ ಫೋಲ್ಡರ್ ಮಾಡಿ ಅದರೊಳಗೆ ಹೋಗಿ ‘../ಕಾನ್ಫಿಗರ್’ ಕೊಡಿ, ಹೊಸದಾಗಿ ಹುಟ್ಟುವ ಫೈಲುಗಳೆಲ್ಲ ಅಲ್ಲೇ ಇರುತ್ತವೆ. ಮತ್ತೆ ಕೆಟ್ಟರೆ ಆ ಒಂದು ಫೋಲ್ಡರ್ ಎಸೆದರಾಯಿತು. ಕಾನ್ಫಿಗರ್ ಕೊನೆಯಲ್ಲಿ ಏನು ಹೇಳುತ್ತದೆ ಎಂದು ಪೂರ್ತಿ ಓದಿ, ನಿಮಗೆ ತರಬೇತಿ ಉಪಕರಣಗಳು ಬೇಕಲ್ಲ. ಕೊನೆಗೆ ಫೈರ್‌ಫಾಕ್ಸ್ ಮುಚ್ಚಿ, ‘ಮೇಕ್ -ಜೆ2’. ಔಟ್‌ಪುಟ್ಟನ್ನು ‘ಟೀ’ ಎಂಬ ಕಮಾಂಡು ಹಾಕಿ ಒಂದು ಫೈಲಿಗೂ ಇಳಿಸಿಕೊಳ್ಳಿ, ಚೀಟಿ ಬರೆಯುವ ಕಷ್ಟ ತಪ್ಪುತ್ತದೆ.

ದುರ್ಗಿಗುಡಿ ಬೆಂಚು

ಸೆಲ್‌ಗೆ ಕಂಪ್ಯೂಟರ್ ಅಂಗಡಿಯೇ ಬೇಕೆಂದಿಲ್ಲ, ವಾಚ್ ರಿಪೇರಿಯವರ ಹತ್ತಿರ, ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ. ಹಾಕುವಾಗ ಪ್ಲಗ್ ಕಿತ್ತಿರಲಿ. ಪ್ಲಸ್ ಗುರುತಿರುವ ಮುಖ ಮೇಲೆ. ಆಮೇಲೆ ಬಯಾಸ್‌ಗೆ ಹೋಗಿ ಸಮಯ ಸರಿ ಮಾಡಿ ಉಳಿಸಿ.

ಗುಡ್ಡದ ಟವರ್

ಸಾಧ್ಯವಾದರೆ ಒಂದು ಯುಪಿಎಸ್ ತೆಗೆದುಕೊಳ್ಳಿ. ಜೋಗದಲ್ಲಿ 1948ರಿಂದ ಕರೆಂಟ್ ಹುಟ್ಟುತ್ತಿದೆ, ಲಿಂಗನಮಕ್ಕಿಗೆ ಹೊಸನಗರದ ಊರುಗಳೇ ಮುಳುಗಿದವು, ಮುಳುಗಡೆಯವರ ಮೊಮ್ಮಕ್ಕಳು ಒಂದು ಪ್ರೋಗ್ರಾಂ ಕಂಪೈಲ್ ಮಾಡಲು ಕರೆಂಟ್ ಕಾಯುತ್ತಾರೆ. ಇರಲಿ, ಇದು ಬೇರೆ ಜಗಳ.

ಹಂಡೆಒಲೆ · ಶುಕ್ರವಾರ

ನಿನ್ನೆ ಬರಲಾಗಲಿಲ್ಲ. ಸೆಲ್ ಹೊಸನಗರದ ವಾಚ್ ಅಂಗಡಿಯಲ್ಲಿ ಸಿಕ್ಕಿತು. ಹಳೆಯದನ್ನು ಕೀಳುವಾಗ ಅದರ ಸುತ್ತ ಹಸಿರು ಕಿಲುಬು. ಉಗುರಿನಲ್ಲಿ ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದೆ. ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಆನ್ ಮಾಡಿದರೆ ಎಫ್1 ಕೇಳಲಿಲ್ಲ, ಗಡಿಯಾರ ಫೋನಿಗೆ ಸರಿಯಾಗಿ ತಾಳೆಯಾಗುತ್ತದೆ.

ಗಿಟ್ ಕ್ಲೀನ್ ಮೊದಲು ಎನ್ ಹಾಕಿ ನೋಡಿ ಅಂದಿರಲ್ಲ, ಒಳ್ಳೆಯದಾಯಿತು. ಮಗಳು ಅದೇ ಫೋಲ್ಡರಿನಲ್ಲಿ ತನ್ನ ಪ್ರಾಜೆಕ್ಟಿನ ಒಂದು ಜಿಪ್ ಫೈಲ್ ಇಟ್ಟಿದ್ದಳು. ಪಟ್ಟಿಯಲ್ಲಿ ಕಂಡಿತು, ಬೇರೆ ಕಡೆ ಹಾಕಿದೆ. ಮನೆಯಲ್ಲಿ ದೊಡ್ಡ ರಾದ್ಧಾಂತ ತಪ್ಪಿತು.

ಮೇಕ್ -ಜೆ2 ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಮುಗಿಯಿತು. ‘ಸುಡೋ ಮೇಕ್ ಇನ್‌ಸ್ಟಾಲ್’ ಕೂಡ ಆಯಿತು.

ಈಗ ಎರಡು ಹೊಸ ತೊಡಕು. ‘ಟೆಸರಾಕ್ಟ್ --ವರ್ಷನ್’ ಕೊಟ್ಟರೆ ಲಿಬ್‌ಟೆಸರಾಕ್ಟ್.ಎಸ್‌ಒ.5 ಎಂಬ ಫೈಲ್ ತೆರೆಯಲಾಗುತ್ತಿಲ್ಲ ಅನ್ನುತ್ತದೆ. ಮತ್ತೆ ‘ಮೇಕ್ ಟ್ರೈನಿಂಗ್’ ಕೊಟ್ಟರೆ ಕಂಪೈಲೇ ಮಾಡುವುದಿಲ್ಲ, ಪ್ರಾಜೆಕ್ಟನ್ನು ಮತ್ತೆ ಕಾನ್ಫಿಗರ್ ಮಾಡಬೇಕು ಎಂದು ಹೇಳಿ ಸುಮ್ಮನಾಗುತ್ತದೆ.

ಆಗುಂಬೆ ತೇವ

ಮೊದಲನೆಯದು ಸುಲಭ. ‘ಸುಡೋ ಎಲ್‌ಡಿಕಾನ್ಫಿಗ್’. ಹೊಸ ಲೈಬ್ರರಿ /ಯುಎಸ್‌ಆರ್/ಲೋಕಲ್/ಲಿಬ್‌ನಲ್ಲಿ ಕೂತಿದೆ, ಅದು ಬಂದಿರುವ ಸುದ್ದಿ ಲೈಬ್ರರಿ ಹುಡುಕಿ ಕೊಡುವ ಲೋಡರಿಗೆ ಮುಟ್ಟಿಲ್ಲ, ಅಷ್ಟೇ. ಆಪ್ಟ್‌ನ ಹಳೇ 4.1.1 ಇನ್ನೂ ಇದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಯಾವುದು ಓಡುತ್ತಿದೆ ಎಂದೇ ಗೊತ್ತಾಗುವುದಿಲ್ಲ. ತೆಗೆದ ಮೇಲೂ ಬ್ಯಾಷ್ (ಟರ್ಮಿನಲ್ಲಿನಲ್ಲಿ ಕಮಾಂಡು ಓಡಿಸುವುದು) ಹಳೇ ಜಾಗವನ್ನೇ ಹುಡುಕಿದರೆ ‘ಹ್ಯಾಶ್ -ಆರ್’ ಕೊಡಿ, ಅಥವಾ ಹೊಸ ಟರ್ಮಿನಲ್ ತೆರೆಯಿರಿ.

ಮೇಕ್‌ಕ್ಲೀನ್

ಎರಡನೆಯದು: ತರಬೇತಿ ಉಪಕರಣಗಳಿಗೆ ಇನ್ನೂ ಮೂರು ಲೈಬ್ರರಿ ಬೇಕು. ಐಸಿಯು, ಪ್ಯಾಂಗೊ, ಕೈರೊ, ಮೂರರದ್ದೂ ಡೆವ್ ಪ್ಯಾಕೇಜು. ಅವು ಇಲ್ಲದಿದ್ದರೆ ಕಾನ್ಫಿಗರ್ ಎರರ್ ಕೊಟ್ಟು ನಿಲ್ಲುವುದಿಲ್ಲ. ತರಬೇತಿ ಭಾಗ ಕಟ್ಟಲಾಗದು ಎಂದು ಕೊನೆಯಲ್ಲಿ ಮೆಲ್ಲಗೆ ಹೇಳಿ ಮುಂದೆ ಹೋಗುತ್ತದೆ. ಇನ್ನೂರು ಸಾಲು ‘ಯೆಸ್, ಯೆಸ್’ ಓಡಿದ ಮೇಲೆ ಬರುವ ಒಂದು ಸಾಲನ್ನು ಯಾರು ಓದುತ್ತಾರೆ ಹೇಳಿ? ಇದು ನಿಲ್ಲಿಸಿ ಹೇಳಬೇಕಾದ ಮಾತು ಎಂಬುದು ನನ್ನ ಹಳೇ ತಕರಾರು.

ಆದರೆ ನಿಮಗೆ ನೆಟ್ ಇಲ್ಲ. ಹೀಗೆ ಮಾಡಬಹುದು. ‘ಆಪ್ಟ್-ಗೆಟ್ ಇನ್‌ಸ್ಟಾಲ್ --ಪ್ರಿಂಟ್-ಯುಆರ್‌ಐಸ್’ ಎಂದು ಆ ಮೂರು ಹೆಸರು ಕೊಟ್ಟರೆ, ಏನೂ ಇಳಿಸದೆ, ಯಾವ್ಯಾವ ಡೆಬ್ (ಪ್ಯಾಕೇಜು) ಫೈಲ್ ಎಲ್ಲಿಂದ ಬೇಕು ಎಂದು ಪಟ್ಟಿ ಮಾತ್ರ ಕೊಡುತ್ತದೆ. ಅವಲಂಬಿತ ಪ್ಯಾಕೇಜುಗಳೂ ಸೇರಿ. ಆ ಪಟ್ಟಿಯ ಫೋಟೋ ಹೊಡೆದು ಇಲ್ಲಿ ಹಾಕಿ. ನೆಟ್ ಇರುವವರು ಯಾರಾದರೂ ಇಳಿಸಿ ಕೊಡಬಹುದು.

ದುರ್ಗಿಗುಡಿ ಬೆಂಚು

ಪಟ್ಟಿ ಹಾಕಿ, ನಾನು ಇಳಿಸಿ ಪೆನ್‌ಡ್ರೈವಿಗೆ ತುಂಬಿ ನಾಳೆ ಬೆಳಗಿನ ಹೊಸನಗರ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ. ಕಂಡಕ್ಟರ್ ಪರಿಚಯ ಇದ್ದಾರೆ. ಕನ್ನಡದ ಡೇಟಾ ಫೈಲೂ ಹಾಕಲಾ? ಸೋರ್ಸ್‌ನಿಂದ ಕಟ್ಟಿದರೆ ಅದು ಜೊತೆಗೆ ಬರುವುದಿಲ್ಲ. ಇಲ್ಲದಿದ್ದರೆ ನಾಳೆ ‘ಯಾವ ಭಾಷೆಯೂ ಲೋಡ್ ಆಗಲಿಲ್ಲ’ ಎಂದು ಮತ್ತೆ ಗುಡ್ಡ ಹತ್ತುತ್ತೀರಿ.

ಮೇಕ್‌ಕ್ಲೀನ್

ಹಾಕಿ, ಆದರೆ ‘ಟೆಸ್‌ಡೇಟಾ_ಬೆಸ್ಟ್’ ಕಡೆಯ ಕಾನ್.ಟ್ರೈನ್ಡ್‌ಡೇಟಾ ಹಾಕಿ, ‘ಫಾಸ್ಟ್’ ಕಡೆಯದಲ್ಲ. ಫಾಸ್ಟ್ ಮಾದರಿಗಳನ್ನು ವೇಗಕ್ಕಾಗಿ ಪೂರ್ಣಾಂಕಕ್ಕೆ ಇಳಿಸಿರುತ್ತಾರೆ, ಅವುಗಳ ಮೇಲೆ ತರಬೇತಿ ಮುಂದುವರಿಸಲು ಬರುವುದಿಲ್ಲ. ಇವರಿಗೆ ಬೇಕಿರುವುದೇ ಅದು.

ಹಂಡೆಒಲೆ · ಭಾನುವಾರ

ಬಸ್ಸಿನವರು ಪೆನ್‌ಡ್ರೈವನ್ನು ಬೆಲ್ಲದ ಡಬ್ಬಿಯ ಜೊತೆ ಅಂಗಡಿಯಲ್ಲಿ ಕೊಟ್ಟು ಹೋಗಿದ್ದರು. ಬೆಂಚು ಸರ್, ತುಂಬಾ ಉಪಕಾರ ಆಯಿತು. ‘ಡಿಪಿಕೆಜಿ -ಐ *.ಡೆಬ್’ ಒಂದೇ ಏಟಿಗೆ ಆಯಿತು. ಮತ್ತೆ ಕಾನ್ಫಿಗರ್ ಕೊಟ್ಟೆ, ಈ ಸಲ ಕೊನೆಯ ಸಾಲು ಓದಿದೆ, ತರಬೇತಿ ಉಪಕರಣ ಕಟ್ಟಬಹುದು ಎಂದಿದೆ. ಮೇಕ್, ಮೇಕ್ ಟ್ರೈನಿಂಗ್, ಎರಡರದ್ದೂ ಇನ್‌ಸ್ಟಾಲ್ ಮುಗಿದವು. ಮಧ್ಯದಲ್ಲಿ ಕರೆಂಟ್ ಹೋಯಿತು. ಬಿಲ್ಡ್ ಫೋಲ್ಡರ್ ಎಸೆದು ಹೊಸದಾಗಿ ಶುರು ಮಾಡಿದೆ, ಯಾವ ಎರರ್ರೂ ಬರಲಿಲ್ಲ.

ಡೇಟಾ ಫೈಲನ್ನು /ಯುಎಸ್‌ಆರ್/ಲೋಕಲ್/ಶೇರ್/ಟೆಸ್‌ಡೇಟಾದಲ್ಲಿ ಹಾಕಿ ಒಂದು ಪುಟ ಓಡಿಸಿ ನೋಡಿದೆ. ಅಧ್ಯಕ್ಷರ ಭಾಷಣದ ಪುಟ ಹೆಚ್ಚುಕಡಿಮೆ ತಿದ್ದುವ ಹಾಗೇ ಇಲ್ಲ. ಅಡಿಕೆ ವಹಿವಾಟಿನ ಪಟ್ಟಿಯಲ್ಲಿ ಸೊನ್ನೆಗೆ ಅನುಸ್ವಾರ ಇನ್ನೂ ಬರುತ್ತಿದೆ, ಮೊದಲಿಗಿಂತ ಕಡಿಮೆ.

ಆಗುಂಬೆ ತೇವ

ಸೊನ್ನೆ, ಅನುಸ್ವಾರ ಎರಡೂ ದುಂಡಗೇ ಇವೆಯಲ್ಲ, ಹಳೇ ಮೊಳೆಯಲ್ಲಿ ಅಳತೆಯೂ ಒಂದೇ ಇರಬಹುದು. ಅದಕ್ಕೆ ಯಂತ್ರವನ್ನು ಬೈದು ಪ್ರಯೋಜನ ಇಲ್ಲ. ಪಟ್ಟಿಯ ಪುಟಕ್ಕೆ ‘--ಪಿಎಸ್‌ಎಂ 6’ ಹಾಕಿ ನೋಡಿದಿರಾ? ಇಡೀ ಪುಟವನ್ನು ಒಂದೇ ತುಂಡು ಎಂದು ಓದುತ್ತದೆ, ಕಾಲಂ ಹುಡುಕಲು ಹೋಗಿ ಸಾಲು ಮುರಿಯುವುದಿಲ್ಲ. ಸ್ಕ್ಯಾನ್ 300 ಡಿಪಿಐಗಿಂತ ಕಡಿಮೆ ಇದ್ದರೆ ಮೊದಲು ಅದನ್ನು ಸರಿ ಮಾಡಿ.

ಮೇಕ್‌ಕ್ಲೀನ್

ತರಬೇತಿಗೆ ‘ಟೆಸ್‌ಟ್ರೈನ್’ ನೋಡಿ. ಒಂದೊಂದು ಸಾಲಿನ ಚಿತ್ರ, ಅದರ ಪಕ್ಕ ಅದೇ ಹೆಸರಿನ ‘.ಜಿಟಿ.ಟಿಎಕ್ಸ್‌ಟಿ’ ಫೈಲಿನಲ್ಲಿ ನೀವು ಕೈಯಾರೆ ಟೈಪ್ ಮಾಡಿದ ಸರಿಯಾದ ಪಠ್ಯ. ಅಂಕಿಗಳಿರುವ ಸಾಲುಗಳನ್ನೇ ಜಾಸ್ತಿ ಆರಿಸಿಕೊಳ್ಳಿ, ಭಾಷಣದ ಸಾಲುಗಳು ಅದಕ್ಕೆ ಈಗಾಗಲೇ ಬರುತ್ತವೆ. ಟೈಪ್ ಮಾಡುವಾಗ ಸೊನ್ನೆಯ ಜಾಗದಲ್ಲಿ ಸೊನ್ನೆಯನ್ನೇ ಒತ್ತಿ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ ಎಂದು ಅನುಸ್ವಾರ ಹಾಕಿಬಿಟ್ಟರೆ ಅದು ತಪ್ಪನ್ನೇ ಕಲಿಯುತ್ತದೆ.

ಕರೆಂಟಿಗೆ ಹೆದರಬೇಡಿ. ತರಬೇತಿ ನಡೆಯುತ್ತಾ ಆಗಾಗ ಚೆಕ್‌ಪಾಯಿಂಟ್ ಫೈಲ್ ಬರೆಯುತ್ತದೆ, ಕರೆಂಟ್ ಬಂದ ಮೇಲೆ ಅಲ್ಲಿಂದ ಮುಂದುವರಿಸಬಹುದು. ಆದರೆ ಕೊನೆಯ ಚೆಕ್‌ಪಾಯಿಂಟಿನ ಗಾತ್ರ ಸೊನ್ನೆ ಇಲ್ಲ ಎಂದು ನೋಡಿಕೊಂಡು ಮುಂದುವರಿಸಿ.

ಹಂಡೆಒಲೆ

ಸರಿ ಅಕ್ಕ. ಸಾಲು ಕತ್ತರಿಸುವ ಕೆಲಸ ಮಗಳಿಗೆ ಒಪ್ಪಿಸಿದ್ದೇನೆ, ಪ್ರಾಜೆಕ್ಟ್ ಮುಗಿದ ಮೇಲೆ ಮಾಡಿಕೊಡುತ್ತಾಳಂತೆ, ಸಾಲಿಗೆ ಇಷ್ಟು ಎಂದು ರೇಟ್ ಮಾತಾಡಿದ್ದಾಳೆ. ತರಬೇತಿಯಲ್ಲಿ ಏನಾದರೂ ಕೆಟ್ಟರೆ ಬೇರೆ ಎಳೆ ತೆರೆಯುತ್ತೇನೆ. ಬಿಲ್ಡ್ ವಿಷಯ ಮುಗಿಯಿತು, ಇದನ್ನು ಬಗೆಹರಿದಿದೆ ಎಂದು ಗುರುತು ಹಾಕಬಹುದು.

ದುರ್ಗಿಗುಡಿ ಬೆಂಚು

ಪೆನ್‌ಡ್ರೈವ್ ಅವಸರ ಇಲ್ಲ. ಸ್ಕ್ಯಾನ್ ಪುಟಗಳು ಸ್ವಲ್ಪ ಅದರಲ್ಲೇ ಹಾಕಿ ಕಳಿಸಿ, ಇಲ್ಲಿ 16 ಜಿಬಿ ಮಷೀನ್ ಸುಮ್ನೆ ಕೂತಿದೆ.